ಎಲೆ ಬೇಕಾದಷ್ಟಿದೆ, ಹಣ್ಣು ಎಲ್ಲಿ?

ದ್ರಾಕ್ಷಿ ಬೆಳೆಯುವ ಊರಿನವರಿಗೆ ಚಾಟ್ನಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ನಮ್ಮ ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು. ಏಪ್ರಿಲ್‌ನಲ್ಲಿ ಕೊಂಬೆಗಳನ್ನು ಬುಡದ ಒಂದೆರಡು ಕಣ್ಣು ಮಾತ್ರ ಉಳಿಯುವಂತೆ ಸವರುತ್ತಾರೆ. ನೋಡಿದವರಿಗೆ ತೋಟ ಹಾಳಾಯಿತೇನೋ ಅನ್ನಿಸಬೇಕು, ಹಾಗೆ. ಕತ್ತರಿಸಿದ ತುದಿಯಿಂದ ಹನಿಹನಿ ನೀರು ತೊಟ್ಟಿಕ್ಕುತ್ತದೆ.

ಕತ್ತರಿ ಹಾಕದೆ ಬಿಟ್ಟರೆ ಏನಾಗುತ್ತದೆ? ಬಳ್ಳಿ ಸಾಯುವುದಿಲ್ಲ. ಚೆನ್ನಾಗಿ ಹಬ್ಬುತ್ತದೆ, ಚಪ್ಪರ ತುಂಬ ಎಲೆ, ಕೆಳಗೆ ತಂಪು ನೆರಳು. ದಾರಿಯಲ್ಲಿ ಹೋಗುವವರು "ಏನ್ ಛಲೋ ಐತ್ರಿ ತ್ವಾಟ" ಅನ್ನುತ್ತಾರೆ. ಆದರೆ ಗೊನೆ ಸರಿಯಾಗಿ ಬರುವುದಿಲ್ಲ. ಸಾಲ ತೀರಿಸುವುದು ಎಲೆಯಿಂದಲ್ಲ.

ಯೋಹಾನನು ಬರೆದ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರಿಗೆ ಹೇಳುವ ಮಾತು ಇದೇ ಕೆಲಸದ ಮೇಲಿದೆ. ತಾನು ಬಳ್ಳಿ, ತಂದೆ ತೋಟಗಾರ, ಶಿಷ್ಯರು ಕೊಂಬೆಗಳು. ಹಣ್ಣು ಕೊಡದ ಕೊಂಬೆಯನ್ನು ತೆಗೆಯುತ್ತಾನೆ; ಕೊಡುವ ಕೊಂಬೆಯನ್ನೂ ಬಿಡುವುದಿಲ್ಲ, ಇನ್ನೂ ಹೆಚ್ಚು ಕೊಡಲಿ ಎಂದು ಸವರುತ್ತಾನೆ. ಅಂದರೆ ಎರಡಕ್ಕೂ ಕತ್ತರಿ ತಪ್ಪಿದ್ದಲ್ಲ. ದ್ರಾಕ್ಷಿ ಬೆಳೆಯದ ಊರಿನಲ್ಲಿ ಈ ಮಾತು ಬರೀ ಹೋಲಿಕೆ. ನಮ್ಮ ಕಡೆ ಇದು ಪ್ರತಿ ವರ್ಷ ಕೂಲಿ ಕೊಟ್ಟು ಮಾಡಿಸುವ ಕೆಲಸ. ಅದಕ್ಕೇ ನಮ್ಮ ಸಭೆಯಲ್ಲಿ ಈ ಅಧ್ಯಾಯ ಓದುವಾಗ ಯಾರೂ ತೂಕಡಿಸುವುದಿಲ್ಲ.

ಈ ಬರಹದಲ್ಲಿ ನಾವು ಅಂದರೆ ನಮ್ಮ ಮನೆಯ ಐದು ಜನ: ಅಪ್ಪ, ಅವ್ವ, ಅಣ್ಣ, ಅತ್ತಿಗೆ ಮತ್ತು ಇದನ್ನು ಬರೆಯುತ್ತಿರುವ ಕೈ. ನಮ್ಮದು ಇಪ್ಪತ್ತು ಚಿಲ್ಲರೆ ಮನೆಗಳ ಸಣ್ಣ ಸಭೆ. ಒಂದೂವರೆ ಎಕರೆ ದ್ರಾಕ್ಷಿ, ಉಳಿದದ್ದು ಜೋಳ, ತೊಗರಿ. ಕ್ರೈಸ್ತ ಶಿಷ್ಯರಾಗಿ ಫಲ ಕೊಡುವ ಬದುಕು ಎಂದರೆ ಏನು ಎಂಬ ಪ್ರಶ್ನೆ ನಮ್ಮ ಮನೆಗೆ ಪ್ರಸಂಗದಿಂದ ಬಂದದ್ದಲ್ಲ. ಮೂರು ವರ್ಷದಿಂದ ಮುಚ್ಚಿರುವ ಒಂದು ಹೊಲದ ದಾರಿಯಿಂದ ಬಂತು.

ಅಜ್ಜ ತೀರಿಕೊಂಡ ಮೇಲೆ ಹೊಲ ವಾಟ್ನಿ ಆಯಿತು. ರಸ್ತೆಗೆ ಹತ್ತಿದ ಮುಂದಿನ ತುಂಡು ಕಾಕಾನಿಗೆ, ಹಿಂದಿನ ತುಂಡು ನಮಗೆ. ಮುಂದಿನ ಹೊಲದ ಬದುವಿನ ಗುಂಟ ಬಂಡಿ ಓಡಾಡಲು ದಾರಿ ಬಿಡಬೇಕು ಎಂದು ಹಿರಿಯರ ಮುಂದೆ ಮಾತಾಗಿತ್ತು. ಕಾಗದದಲ್ಲಿ ಯಾರೂ ಬರೆಯಲಿಲ್ಲ. ಅಣ್ಣತಮ್ಮಂದಿರ ನಡುವೆ ಯಾರು ಬರೆಯುತ್ತಾರೆ? ಇಪ್ಪತ್ತು ವರ್ಷ ಬಂಡಿ, ಆಮೇಲೆ ಟ್ರ್ಯಾಕ್ಟರ್ ಅದೇ ದಾರಿಯಲ್ಲಿ ಓಡಾಡಿದವು. ಆಮೇಲೊಮ್ಮೆ ಕೊಳವೆಬಾವಿಯ ಖರ್ಚಿನ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆಯಿತು. ಒಂದು ದಿನ ಬೆಳಗ್ಗೆ ನೋಡಿದರೆ ದಾರಿಯ ಬಾಯಿಗೆ ಅಡ್ಡಲಾಗಿ ತಗ್ಗು ಹೊಡೆಸಿ, ಮುಳ್ಳು ಹಾಕಿದ್ದರು.

ದಾರಿ ಇಲ್ಲದ ದ್ರಾಕ್ಷಿ ತೋಟ ಎಂದರೆ ಏನು ಎಂಬುದು ರೈತರಿಗೆ ಗೊತ್ತು. ಔಷಧಿ ಹೊಡೆಯುವ ಟ್ರ್ಯಾಕ್ಟರ್ ಬ್ಲೋವರ್ ಒಳಗೆ ಬರುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲು ಸಾಲು ತಿರುಗಬೇಕು. ಮೋಡ ಮುಸುಕಿದ ದಿನಗಳಲ್ಲಿ ಒಂದು ದಿನ ತಡವಾದರೂ ರೋಗ ಬರುತ್ತದೆ. ಕೊಯ್ಲಿನಲ್ಲಿ ಕ್ರೇಟುಗಳನ್ನು ತಲೆಯ ಮೇಲೆ ಹೊತ್ತು, ಹಳ್ಳದ ಕಡೆಯಿಂದ ಸುತ್ತು ಹಾಕಿ ರಸ್ತೆಗೆ ತರಬೇಕು. ಮೂರು ಹಂಗಾಮು ಹಾಗೇ ಹೊತ್ತಿದ್ದೇವೆ. ಹೊರುವವರಿಗೆ ಕೊಟ್ಟ ಕೂಲಿಯ ಲೆಕ್ಕ ಅಣ್ಣನ ಡೈರಿಯಲ್ಲಿದೆ. ಅವನು ಅದನ್ನು ಆಗಾಗ ತೆಗೆದು ಓದುತ್ತಾನೆ.

ಇದಕ್ಕಿಂತ ಭಾರವಾದದ್ದು ಇನ್ನೊಂದು. ಕಾಕಾನ ಮನೆಯವರೂ ನಾವೂ ಒಂದೇ ಸಭೆಯವರು. ತಿಂಗಳಿಗೊಮ್ಮೆ ಕರ್ತನ ಭೋಜನಕ್ಕೆ ಒಂದೇ ಮೇಜಿನ ಮುಂದೆ ಮೊಣಕಾಲೂರುತ್ತೇವೆ. ಒಂದೇ ರೊಟ್ಟಿ, ಒಂದೇ ಪಾತ್ರೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅಪ್ಪ ಒಂದು ಕಡೆ ಮುಖ, ಕಾಕಾ ಒಂದು ಕಡೆ ಮುಖ. ಕಾಣಿಕೆ ಕೊಡಲು ಬಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕು ಎಂದು ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಕಲಿಸಿದ್ದು ಇಡೀ ಸಭೆಗೆ ಗೊತ್ತು. ಊರಿಗೂ ಗೊತ್ತು. ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ಅಣ್ಣನಿಗೆ ನಗುತ್ತಲೇ ಕೇಳಿದರು: "ನೀವು ಪ್ರೀತಿ ಪ್ರೀತಿ ಅಂತ ಹೇಳ್ತೀರಿ. ಅಣ್ಣತಮ್ಮಂದಿರ ನಡುವ ಒಂದು ಬಂಡಿದಾರಿ ಇಲ್ಲಲ್ಲೋ ತಮ್ಮಾ?"

ಅವರು ಸತ್ಯವೇದ ಓದಿದವರಲ್ಲ. ಆದರೂ ಮರವನ್ನು ಅದರ ಹಣ್ಣಿನಿಂದ ಗುರುತು ಹಿಡಿಯಬೇಕು ಎಂಬ ಪಾಠವನ್ನು ಅಷ್ಟು ಸಲೀಸಾಗಿ ಯಾರೂ ಹೇಳಲಾರರು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಫಲ ಎಂದಾಗ ಇವತ್ತು ಮೊಬೈಲ್‌ನಲ್ಲಿ ನಮ್ಮ ಕಿವಿಗೆ ಬೀಳುವುದು ಬೇರೆ. ಇಷ್ಟು ಕಾಣಿಕೆ ಬಿತ್ತಿರಿ, ಅದರ ಎಷ್ಟೋ ಪಟ್ಟು ಬರುತ್ತದೆ. ಸಾಲ ತೀರುತ್ತದೆ, ಕಾರು ಬರುತ್ತದೆ, ವೀಸಾ ಬರುತ್ತದೆ. ಇಂಥ ವಿಡಿಯೋಗಳು ನಮ್ಮ ಸಭೆಯ ಅಜ್ಜಿಯರ ಫೋನಿಗೂ ಬರುತ್ತವೆ. ಪಿಂಚಣಿ ಹಣದಲ್ಲಿ ಕಳಿಸಿದವರೂ ಇದ್ದಾರೆ. ಕೊಡುವುದು ಒಳ್ಳೆಯದೇ. ಆದರೆ ಕೊಟ್ಟದ್ದು ಬಡ್ಡಿ ಸಮೇತ ವಾಪಸು ಬರಲಿ ಎಂದು ಕೊಟ್ಟರೆ ಅದನ್ನು ನಮ್ಮ ಕಡೆ ಕಾಣಿಕೆ ಎನ್ನುವುದಿಲ್ಲ, ಚೀಟಿ ಎನ್ನುತ್ತಾರೆ.

ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಆತ್ಮದ ಫಲದ ಪಟ್ಟಿ ಕೊಡುತ್ತಾನೆ. ಅದರಲ್ಲಿ ಕಾರೂ ಇಲ್ಲ, ಹೊಲವೂ ಇಲ್ಲ. ಸಭೆಗೆ ಬರುವವರ ಸಂಖ್ಯೆಯೂ ಇಲ್ಲ. ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ, ಸಂಯಮ: ಇಷ್ಟೇ. ಇನ್ನೊಂದು ಗಮನಿಸಬೇಕು. ಗ್ರೀಕ್ ಮೂಲದಲ್ಲಿ ಪೌಲನು ಫಲಗಳು ಎಂದು ಬರೆದಿಲ್ಲ, ಫಲ ಎಂದು ಏಕವಚನದಲ್ಲಿ ಬರೆದಿದ್ದಾನೆ. ಒಂದು ಗೊನೆ, ಒಂಬತ್ತು ಕಾಯಿ. ನನಗೆ ಪ್ರೀತಿ ಇದೆ, ತಾಳ್ಮೆ ಮಾತ್ರ ಕೇಳಬೇಡಿ ಎಂದು ಹೇಳುವಂತಿಲ್ಲ. ಗೊನೆಯ ಒಂದು ಬದಿ ಕೊಳೆತರೆ ವ್ಯಾಪಾರಿ ಇಡೀ ಗೊನೆಯನ್ನೇ ಪಕ್ಕಕ್ಕಿಡುತ್ತಾನೆ.

ಮತ್ತೊಂದು ಮಾತು. ಈ ಒಂಬತ್ತರಲ್ಲಿ ಒಂಟಿಯಾಗಿ ಕೋಣೆಯಲ್ಲಿ ಕೂತು ತೋರಿಸಬಹುದಾದದ್ದು ಎಷ್ಟು? ತಾಳ್ಮೆ ಬೇಕಾಗುವುದು ಸಿಟ್ಟು ಬರಿಸುವವರು ಇದ್ದಾಗ. ದಯೆ ಬೇಕಾಗುವುದು ದಯೆಗೆ ಲಾಯಕ್ಕಿಲ್ಲ ಅನ್ನಿಸುವವರ ಮುಂದೆ. ಹಾಗಾದರೆ ನಮ್ಮ ಮನೆಯವರು ಫಲ ಕೊಡಬೇಕಾದ ಜಾಗ ಯಾವುದು? ಭಾನುವಾರದ ಬೆಂಚಲ್ಲ. ಆ ಮುಳ್ಳು ಹಾಕಿದ ದಾರಿಯ ಬಾಯಿ.

ಪತ್ರಿಕೋದ್ಯಮ ಓದಿದ ನಮಗೆಲ್ಲ ಜುಲೈ 1 ಗೊತ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನ ಎಂದು ಆಚರಿಸುತ್ತೇವೆ. ಮೋಗ್ಲಿಂಗ್ ಬಾಸೆಲ್ ಮಿಶನ್‌ನಿಂದ 1836ರಲ್ಲಿ ಇಲ್ಲಿಗೆ ಬಂದದ್ದು ಪತ್ರಿಕೆ ನಡೆಸಲಿಕ್ಕಲ್ಲ, ಸುವಾರ್ತೆ ಸಾರಲಿಕ್ಕೆ. ಆದರೆ ಬಂದವರು ಕನ್ನಡ ಕಲಿತರು. ಇಲ್ಲಿನ ಜನ ಏನು ಹಾಡುತ್ತಾರೆ, ಏನು ಓದುತ್ತಾರೆ ಎಂದು ಹುಡುಕಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು.

ಅವರ ಹಿಂದೆ 1853ರಲ್ಲಿ ಬಂದವರು ಫರ್ಡಿನಾಂಡ್ ಕಿಟೆಲ್. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಓಡಾಡಿ, ಪದ ಪದ ಕೂಡಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. 1903ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಇವತ್ತು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.

ಇವರನ್ನು ದೇವರು ಮಾಡುವ ಅಗತ್ಯವಿಲ್ಲ. ಆ ಕಾಲದ ಮಿಶನರಿಗಳ ಬರಹಗಳಲ್ಲಿ ಇಲ್ಲಿನ ಜನರ ದೇವರು, ಆಚಾರಗಳ ಬಗ್ಗೆ ಕಟುಮಾತುಗಳೂ ಇವೆ. ಅವನ್ನು ಓದಿದರೆ ಇವತ್ತಿನ ಕ್ರೈಸ್ತರಾದ ನಮಗೇ ಮುಜುಗರ. ನಾವು ಹೇಳಬೇಕಾದದ್ದು ಇಷ್ಟು: ಎಷ್ಟು ಜನ ದೀಕ್ಷಾಸ್ನಾನ ತೆಗೆದುಕೊಂಡರು ಎಂಬ ಲೆಕ್ಕ ವರದಿಗಳಲ್ಲಿ ಉಳಿಯಿತು. ಕನ್ನಡಿಗರ ಬಾಯಲ್ಲಿ ಉಳಿದದ್ದು ಬೇರೆಯೇ. ಕಿಟೆಲ್ ನಿಘಂಟು ತೆಗೆದು ನೋಡುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ. ಕೊಂಬೆ ತನ್ನ ಹಣ್ಣನ್ನು ತಾನು ತಿನ್ನುವುದಿಲ್ಲ. ಯಾರ ತಟ್ಟೆಗೆ ಹೋಗುತ್ತದೆ ಎಂದು ಅದಕ್ಕೆ ಗೊತ್ತೂ ಇರುವುದಿಲ್ಲ.

ಮಂಗಳೂರಿನಲ್ಲೇ ಇನ್ನೊಬ್ಬರಿದ್ದರು, ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದರು. ಹತ್ತು ವರ್ಷದ ನಂತರ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮನೆಯವರೇ ಹತ್ತಿರ ಸೇರಿಸದ ಕಾಲ ಅದು. ಫಾದರ್ ಮುಲ್ಲರ್ ಆಸ್ಪತ್ರೆ ಎಂದು ಇವತ್ತು ಕರಾವಳಿಯ ಮಕ್ಕಳಿಗೂ ಗೊತ್ತು.

ಹಾಗೆಂದು ಫಲ ಎಂದರೆ ನಿಘಂಟು, ಆಸ್ಪತ್ರೆ ಎಂದುಕೊಂಡರೆ ನಮ್ಮಂಥ ಒಂದೂವರೆ ಎಕರೆಯವರು ಏನು ಮಾಡಬೇಕು? ಅದಕ್ಕೆ ಉತ್ತರವಾಗಿ ನಮ್ಮ ಸಭಾಪಾಲಕರು ಒಮ್ಮೆ ಲಾರೆನ್ಸ್ ಎಂಬ ಸನ್ಯಾಸಿಯ ಕಥೆ ಹೇಳಿದ್ದರು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಮಠವೊಂದರಲ್ಲಿದ್ದವನು. ಪಂಡಿತನಲ್ಲ, ಮೊದಲು ಸೈನಿಕನಾಗಿದ್ದವನು. ಮಠದಲ್ಲಿ ಅವನಿಗೆ ಸಿಕ್ಕ ಕೆಲಸ ಅಡುಗೆಮನೆಯದು. ಮುಂದೆ ವಯಸ್ಸಾದ ಮೇಲೆ ಚಪ್ಪಲಿ ಹೊಲಿಯುವುದು. ಪಾತ್ರೆಗಳ ಸದ್ದಿನ ನಡುವೆಯೂ ತಾನು ದೇವರ ಸನ್ನಿಧಿಯಲ್ಲೇ ಇದ್ದೇನೆ ಎಂಬ ಎಚ್ಚರವನ್ನು ಅವನು ಅಭ್ಯಾಸ ಮಾಡಿದ. ಅವನು 1691ರಲ್ಲಿ ತೀರಿಕೊಂಡ ಮೇಲೆ ಅವನ ಪತ್ರಗಳು, ಮಾತುಗಳು ಪುಸ್ತಕವಾಗಿ ಜಗತ್ತನ್ನೆಲ್ಲ ಸುತ್ತಿದವು. ಈ ಕಥೆ ಕೇಳಿ ಅವ್ವ ಹೇಳಿದ್ದು: "ಹಂಗಾದ್ರ ನಾ ರೊಟ್ಟಿ ಬಡಿಯೂದೂ ಲೆಕ್ಕಕ್ಕ ಬರ್ತೈತಿ."

ಬರುತ್ತದೆ. ಯೋಹಾನ 15ರಲ್ಲಿ ಯೇಸು ಶಿಷ್ಯರಿಗೆ ಹಣ್ಣು ಮಾಡಿ ತೋರಿಸಿ ಎಂದು ಗದರಿಸುವುದಿಲ್ಲ. ತನ್ನಲ್ಲಿ ನೆಲೆಗೊಂಡಿರಿ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಕೊಂಬೆಗೆ ಬೇರೆ ಕೆಲಸವೇ ಇಲ್ಲ. ಬಳ್ಳಿಗೆ ಅಂಟಿಕೊಂಡಿರಬೇಕು ಅಷ್ಟೆ. ನೀರು, ಗೊಬ್ಬರದ ಸತ್ವ ಅಲ್ಲಿಂದ ಬರುತ್ತದೆ. ನಮ್ಮ ಮನೆಯಲ್ಲಿ ಈ ಅಂಟಿಕೊಳ್ಳುವುದು ದೊಡ್ಡ ಸಾಧನೆಯೇನಲ್ಲ. ರಾತ್ರಿ ಊಟಕ್ಕೆ ಮುಂಚೆ ಕಾಲು ಗಂಟೆ. ಒಬ್ಬರು ಒಂದು ಭಾಗ ಓದುತ್ತಾರೆ, ಒಂದು ಕೀರ್ತನೆ, ಆಮೇಲೆ ಪ್ರತಿಯೊಬ್ಬರೂ ಆ ದಿನದ ಒಂದು ವಿಷಯ ಹೇಳಿ ಪ್ರಾರ್ಥಿಸಬೇಕು. ಕರೆಂಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಫೋನ್ ಮಾತ್ರ ಕಪಾಟಿನ ಮೇಲೆ.

ಇನ್ನೊಂದು ರೂಢಿ ಹಿಡಿ ಜೋಳ. ಮಿಜೋರಾಂನ ಸಭೆಗಳಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗ ಪ್ರತಿ ಸಲ ಒಂದು ಹಿಡಿ ದೇವರ ಕೆಲಸಕ್ಕೆ ಎಂದು ಬೇರೆ ಇಡುತ್ತಾರೆ. 1910ರಲ್ಲಿ ಶುರುವಾದ ಈ ಪದ್ಧತಿ ಇಂದಿಗೂ ನಡೆದಿದೆ. ಬಡ ಹೆಂಗಸರ ಹಿಡಿ ಅಕ್ಕಿಯಿಂದಲೇ ಅಲ್ಲಿ ಸಭೆಯ ಎಷ್ಟೋ ಕೆಲಸಗಳು ಸಾಗುತ್ತವೆ. ಇದನ್ನು ಕೇಳಿದ ಮೇಲೆ ಅತ್ತಿಗೆ ಜೋಳ ಬೀಸಲು ಕಳಿಸುವಾಗಲೆಲ್ಲ ಒಂದು ಹಿಡಿ ಡಬ್ಬಿಗೆ ಹಾಕತೊಡಗಿದರು. ಡಬ್ಬಿ ತುಂಬಿದಾಗ ಓಣಿಯಲ್ಲಿ ಯಾರ ಮನೆಯಲ್ಲಿ ಕಷ್ಟವಿದೆಯೋ ಅಲ್ಲಿಗೆ. ಅವರು ಯಾವ ದೇವರಿಗೆ ಕೈ ಮುಗಿಯುತ್ತಾರೆ ಎಂದು ಕೇಳುವುದಿಲ್ಲ. ಕೊಟ್ಟು ಪ್ರಸಂಗ ಮಾಡುವುದೂ ಇಲ್ಲ. ಮಾಡಿದರೆ ಜೋಳದ ರುಚಿ ಕೆಡುತ್ತದೆ ಎನ್ನುವುದು ಅತ್ತಿಗೆಯ ಅಭಿಪ್ರಾಯ.

ಹೋದ ಯುಗಾದಿಗೆ ದಾರಿ ಮುಚ್ಚಿ ಮೂರು ವರ್ಷ ತುಂಬುವ ಹೊತ್ತಿಗೆ ಮನೆಯಲ್ಲಿ ದೊಡ್ಡ ಮಾತಾಯಿತು. ಅದಕ್ಕೆ ಮುಂಚೆ ಮಾಡಬೇಕಾದ್ದನ್ನು ಮಾಡಿಯಾಗಿತ್ತು. ಹದ್ದುಬಸ್ತಿಗೆ ಅರ್ಜಿ ಹಾಕಿದ್ದೆವು. ಭೂಮಾಪಕರು ಬಂದು ಅಳೆದರು, ಕಲ್ಲು ನೆಡಿಸಿದರು. ಹೊಲದ ಗಡಿ ಸರಿಯಾಗೇ ಇತ್ತು. ನಕಾಶೆಯಲ್ಲಿ ದಾರಿ ಮಾತ್ರ ಇರಲಿಲ್ಲ. ಸಭಾಪಾಲಕರು ಎರಡೂ ಮನೆಗೆ ಎರಡೆರಡು ಸಲ ಬಂದು ಕೂತು ಹೋದರು. ವಕೀಲರು, ಇಷ್ಟು ವರ್ಷ ಓಡಾಡಿದ ದಾರಿ, ಸಾಕ್ಷಿ ಹೇಳುವವರಿದ್ದಾರೆ, ದಾವೆ ಹಾಕಿದರೆ ಬಲ ಇದೆ ಎಂದರು. ಅಣ್ಣ ಕಾಗದ ಪತ್ರ ಎಲ್ಲ ಜೋಡಿಸಿಟ್ಟಿದ್ದ.

"ಮೂರು ವರ್ಷ ಆತಪ್ಪಾ. ಇನ್ನೆಷ್ಟು ತಾಳಬೇಕು? ತಾಳ್ಮಿ ಅನ್ನೂದು ನಮಗಷ್ಟ ಬರ್ದೈತೇನು?" ಎಂದ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಲೂಕನ ಸುವಾರ್ತೆಯ 13ನೇ ಅಧ್ಯಾಯದ ಅಂಜೂರದ ಮರದ ಕಥೆ ನೆನಪಿಸಿದರು. ಒಬ್ಬ ಯಜಮಾನ ತನ್ನ ತೋಟದ ಅಂಜೂರದಲ್ಲಿ ಹಣ್ಣು ಹುಡುಕಿಕೊಂಡು ಬರುತ್ತಾನೆ. ಮೂರು ವರ್ಷದಿಂದ ಬಂದರೂ ಒಂದು ಹಣ್ಣಿಲ್ಲ. ಕಡಿದುಹಾಕು, ಸುಮ್ಮನೆ ನೆಲ ಯಾಕೆ ಕೆಡಿಸಬೇಕು ಎನ್ನುತ್ತಾನೆ. ತೋಟದವನು ಈ ವರ್ಷ ಒಂದು ಬಿಡು ಎಂದು ಬೇಡುತ್ತಾನೆ; ಸುತ್ತ ಅಗೆದು ಗೊಬ್ಬರ ಹಾಕುವುದಾಗಿ ಹೇಳುತ್ತಾನೆ. ಆಮೇಲೂ ಹಣ್ಣಾಗದಿದ್ದರೆ ಕಡಿಯಬಹುದು.

"ಇನ್ನೊಂದು ವರ್ಷ ನೋಡೂಣು. ಆದ್ರ ಕುಂತು ನೋಡೂದಲ್ಲ. ಅಗದು ನೋಡೂಣು, ಗೊಬ್ಬರ ಹಾಕಿ ನೋಡೂಣು" ಎಂದರು ಅಪ್ಪ.

ಆ ಕಥೆಯನ್ನು ನಾವು ಎಷ್ಟೋ ಸಲ ಕೇಳಿದ್ದೆವು. ಕ್ಷಮೆ ಎಂದರೆ ಕೈಕಟ್ಟಿ ಕೂರುವುದಲ್ಲ, ಬೆವರು ಸುರಿಸುವ ಕೆಲಸ ಎಂಬುದು ಆ ರಾತ್ರಿ ನಮ್ಮ ಅಂಗಳಕ್ಕೆ ಬಂತು. ಮತ್ತೊಂದೂ ಇತ್ತು: ಆ ಕಥೆಯಲ್ಲಿ ತೋಟದವನು ಹಣ್ಣಾಗದ ಮರವನ್ನು ಹಣ್ಣಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ದಾರಿ ಮುಚ್ಚಿದ್ದು ಅನ್ಯಾಯ ಎನ್ನುವುದನ್ನು ಅಪ್ಪನೂ ಬಿಟ್ಟುಕೊಡಲಿಲ್ಲ. ಕ್ರೈಸ್ತರೆಂದರೆ ಏನು ಮಾಡಿದರೂ ನುಂಗಿಕೊಳ್ಳುವವರು ಎಂದು ಎಷ್ಟೋ ಜನ ಭಾವಿಸುತ್ತಾರೆ, ನಮ್ಮವರೂ ಕೆಲವರು ಹಾಗೇ ಕಲಿಸುತ್ತಾರೆ. ಗಂಡನ ಏಟು ತಿನ್ನುವ ಹೆಣ್ಣುಮಗಳಿಗೆ ತಾಳ್ಮೆ ಫಲ ಕೊಡುತ್ತದೆ ಎಂದು ಬುದ್ಧಿ ಹೇಳುವವರನ್ನೂ ನೋಡಿದ್ದೇವೆ. ಅದು ಫಲವಲ್ಲ, ಇನ್ನೊಬ್ಬರ ಬೆನ್ನಿನ ಮೇಲೆ ಹಾಕುವ ಭಾರ. ಅಂಥ ಕಡೆ ಮೊದಲು ಆಗಬೇಕಾದ್ದು ಆ ಹೆಣ್ಣುಮಗಳ ಜೀವದ ರಕ್ಷಣೆ. ನಮ್ಮದು ಜೀವದ ಪ್ರಶ್ನೆಯಲ್ಲ, ಕ್ರೇಟಿನ ಪ್ರಶ್ನೆ. ಹೊರುವ ಶಕ್ತಿ ಇತ್ತು, ಒಂದು ವರ್ಷ ಕೇಳಿಕೊಂಡೆವು.

ಅಗೆಯುವುದು ಎಂದರೆ ಏನು ಮಾಡಿದೆವು? ಮೊದಲನೆಯದು, ಊರಲ್ಲಿ ಕಾಕಾನ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ ಎಂದು ಐದೂ ಜನ ಒಪ್ಪಿಕೊಂಡೆವು. ಯಾರಾದರೂ ಕೆದಕಿದರೆ, "ಮನಿ ಮಾತು ಐತ್ರಿ, ಬಗಿಹರೀತೈತಿ" ಅಷ್ಟೇ. ಹೇಳಲು ಸುಲಭ, ಅಣ್ಣನಿಗೆ ಇದು ಬೆನ್ನಿನ ಪಂಪಿಗಿಂತ ಭಾರವಾಗಿತ್ತು. ಎರಡನೆಯದು, ಕೊಳವೆಬಾವಿಯ ಹಳೆಯ ಲೆಕ್ಕವನ್ನು ಚೀಟಿ ಸಮೇತ ಮತ್ತೆ ಬರೆದು ಇಬ್ಬರು ಹಿರಿಯರ ಕೈಗೆ ಕೊಟ್ಟೆವು. ಜಗಳದ ಬೇರು ಅದೇ ಆಗಿದ್ದರೆ ಬೆಳಕಿಗೆ ಬರಲಿ ಎಂದು. ಮೂರನೆಯದು, ಎದುರಿಗೆ ಸಿಕ್ಕಾಗ ನಮಸ್ಕಾರ ನಿಲ್ಲಿಸಲಿಲ್ಲ. ತಿರುಗಿ ಬರಲಿ, ಬರದಿರಲಿ.

ಗೊಬ್ಬರ ಹಾಕುವ ಸರದಿ ಮಳೆಗಾಲದಲ್ಲಿ ಅವ್ವನಿಗೆ ಬಂತು. ಕಾಕುಗೆ ವಿಜಯಪುರದಲ್ಲಿ ಆಪರೇಶನ್ ಆಗಿ ಮನೆಗೆ ಬಂದಿದ್ದರು. ಅವರ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ದೂರ. ನೆಗೆಣ್ಣಿಯರಿಬ್ಬರೂ ಹಿಂದೆ ಒಂದೇ ಒಲೆಯ ಮುಂದೆ ಹತ್ತು ವರ್ಷ ಬೆಂದವರು. ಅವ್ವ ಯಾರನ್ನೂ ಕೇಳಲಿಲ್ಲ. ಡಬ್ಬಿಗೆ ನಾಲ್ಕು ರೊಟ್ಟಿ, ಮೆತ್ತಗಿನ ಪಲ್ಯ ಹಾಕಿ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಿದರು. ಡಬ್ಬಿ ತೊಳೆದು ವಾಪಸು ಬಂತು, ಖಾಲಿ. ನಮ್ಮ ಕಡೆ ಯಾರೂ ಇನ್ನೊಬ್ಬರ ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಖಾಲಿ ಡಬ್ಬಿ ಎಂದರೆ ಮಾತೇ. ಅವ್ವ ಮರುದಿನವೂ ಕಳಿಸಿದರು. ಮತ್ತೆ ಖಾಲಿ. ಹೀಗೆ ಮೂರು ವಾರ.

ಒಂದು ದಿನ ಡಬ್ಬಿಯಲ್ಲಿ ಒಂದು ಬೊಗಸೆ ಹುರಿದ ಶೇಂಗಾ ಇತ್ತು.

ಮನೆಯಲ್ಲಿ ಯಾರೂ ಹಲ್ಲೆಲೂಯ ಎಂದು ಕೂಗಲಿಲ್ಲ. ಅತ್ತಿಗೆ ಶೇಂಗಾವನ್ನು ಐದು ಪಾಲು ಮಾಡಿದರು, ತಿಂದೆವು. ಅಣ್ಣ, "ಶೇಂಗಾ ಬಂತು, ದಾರಿ ಬರಲಿಲ್ಲ" ಎಂದ. ಅವನ ಮಾತು ನಿಜ. ಇದನ್ನು ಬರೆಯುವ ದಿನದವರೆಗೂ ತಗ್ಗು ಹಾಗೇ ಇದೆ. ಮುಳ್ಳು ಒಣಗಿದೆ, ತೆಗೆದಿಲ್ಲ. ಕಾಕಾ ಮಾತಾಡಿಲ್ಲ. ಕಾಕು ಮಾತ್ರ ಸಭೆಯಲ್ಲಿ ಅವ್ವನ ಪಕ್ಕದ ಚಾಪೆಗೆ ಬಂದು ಕೂರುತ್ತಾರೆ.

ಇದನ್ನು ಫಲ ಎನ್ನಬಹುದೇ? ಇಲ್ಲಿ ಮತ್ತೆ ದ್ರಾಕ್ಷಿಯ ಒಂದು ಸಂಗತಿ ಹೇಳಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಯುವ ಗೊನೆ ಅಕ್ಟೋಬರ್ ಚಾಟ್ನಿಯ ಮೇಲೆ ಹೊರಗೆ ಕಾಣುತ್ತದೆ. ಆದರೆ ಯಾವ ಕಣ್ಣಿನಲ್ಲಿ ಗೊನೆ ಬರಬೇಕು ಎಂಬುದು ಅದಕ್ಕೂ ತಿಂಗಳುಗಳ ಮುಂಚೆ, ಏಪ್ರಿಲ್ ಚಾಟ್ನಿ ಆದ ಮೇಲೆ, ಬೇಸಿಗೆಯ ಬಿಸಿಲಿನಲ್ಲೇ ಕಣ್ಣಿನೊಳಗೆ ತೀರ್ಮಾನವಾಗಿರುತ್ತದೆ. ಆಗ ತೋಟಕ್ಕೆ ಬಂದವರಿಗೆ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ನೀರು, ಗೊಬ್ಬರ ತಪ್ಪಿದರೆ ಮುಂದೆ ಅಕ್ಟೋಬರ್‌ನಲ್ಲಿ ಎಷ್ಟು ಬಡಿದಾಡಿದರೂ ಗೊನೆ ಬರುವುದಿಲ್ಲ. ಕಾಣದ ತಿಂಗಳುಗಳ ಕೆಲಸ ಎಂದರೆ ಇದೇ.

ಹಾಗಾಗಿ ನಾವು ಈ ವರ್ಷ ಕಲಿತದ್ದು: ಫಲವನ್ನು ಕಾಕಾನ ಕಡೆ ಮಾತ್ರ ಹುಡುಕಬಾರದು. ಅವರು ತಗ್ಗು ಮುಚ್ಚಿಸಿದರೆ ಅದು ಅವರ ಕೊಂಬೆಯ ಹಣ್ಣು. ನಮ್ಮ ಕೊಂಬೆಯಲ್ಲಿ ಏನಾಯಿತು ಎಂದು ನೋಡಿದರೆ ಸಣ್ಣ ಸಣ್ಣವು ಕಾಣುತ್ತವೆ. ಅಣ್ಣ ಕೂಲಿ ಡೈರಿಯನ್ನು ಈಗ ತಿಂಗಳಿಗೊಮ್ಮೆ ಮಾತ್ರ ತೆಗೆಯುತ್ತಾನೆ. ಅಪ್ಪನಿಗೆ ರಾತ್ರಿ ನಿದ್ದೆ ಬರುತ್ತದೆ. ಕರ್ತನ ಭೋಜನದ ದಿನ ಎದೆಯ ಮೇಲಿನ ಕಲ್ಲು ಸ್ವಲ್ಪ ಹಗುರ. ಚಹಾ ಅಂಗಡಿಯ ಹಿರಿಯರು ಈಗ ಆ ಪ್ರಶ್ನೆ ಕೇಳುವುದಿಲ್ಲ. ರೊಟ್ಟಿ ಡಬ್ಬಿಯ ಸುದ್ದಿ ಅವರಿಗೂ ಮುಟ್ಟಿರಬೇಕು. ಊರೆಂದಮೇಲೆ ಯಾವ ಸುದ್ದಿ ನಿಲ್ಲುತ್ತದೆ?

ಬರುವ ಯುಗಾದಿಗೆ ಅಪ್ಪ ಕೇಳಿಕೊಂಡ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಈ ಹಂಗಾಮಿನ ಗೊನೆಗಳನ್ನು ಮತ್ತೆ ತಲೆಯ ಮೇಲೆ ಹೊತ್ತಾಗಿರುತ್ತದೆ. ಆಗಲೂ ದಾರಿ ತೆರೆಯದಿದ್ದರೆ ದಾವೆ ಹಾಕುವುದು ಎಂದು ಮನೆಯಲ್ಲಿ ತೀರ್ಮಾನವಾಗಿದೆ, ಅಪ್ಪನೂ ಒಪ್ಪಿದ್ದಾರೆ. ನ್ಯಾಯ ಕೇಳುವುದು ಪಾಪವಲ್ಲ. ಆದರೆ ಎರಡು ಷರತ್ತು ಅವ್ವನದು. ಕೋರ್ಟಿಗೆ ಹೋಗುವ ಮುಂಚೆ ಅಪ್ಪ ಒಬ್ಬರೇ ಕಾಕಾನ ಮನೆಗೆ ಹೋಗಿ, ಹೀಗೆ ಮಾಡುತ್ತಿದ್ದೇವೆ ಎಂದು ಬಾಯಾರೆ ಹೇಳಿ ಬರಬೇಕು. ಮತ್ತು ತಾರೀಖಿನ ದಿನವೂ ಆ ಮನೆಯಲ್ಲಿ ಯಾರಾದರೂ ಮಲಗಿದ್ದರೆ ರೊಟ್ಟಿ ಡಬ್ಬಿ ನಿಲ್ಲುವುದಿಲ್ಲ.

ಯೇಸು ಹೇಳಿದ ಅಂಜೂರದ ಕಥೆಯಲ್ಲಿ ಆ ಮರ ಕೊನೆಗೆ ಹಣ್ಣು ಬಿಟ್ಟಿತೋ ಇಲ್ಲವೋ ಎಂಬುದನ್ನು ಹೇಳಿಲ್ಲ. ಕಥೆ ತೋಟದವನ ಬೇಡಿಕೆಯಲ್ಲೇ ನಿಲ್ಲುತ್ತದೆ. ಮೊದಲು ಇದು ಅರ್ಧ ಕಥೆ ಅನ್ನಿಸುತ್ತಿತ್ತು. ಈಗ ಅನ್ನಿಸುತ್ತಿದೆ, ಶಿಷ್ಯರಿಗೆ ಗೊತ್ತಿರಬೇಕಾದದ್ದು ಅಷ್ಟೇ: ಗುದ್ದಲಿ ಯಾರ ಕೈಯಲ್ಲಿದೆ, ಗೊಬ್ಬರ ಎಲ್ಲಿದೆ, ವರ್ಷ ಇನ್ನೂ ಎಷ್ಟು ಉಳಿದಿದೆ.

ಓದುಗರೇ, ನೀವು ಯಾವ ಧರ್ಮದವರೇ ಇರಿ, ನಿಮ್ಮ ಊರಲ್ಲೂ ಇಂಥ ಒಂದು ಮುಚ್ಚಿದ ದಾರಿ ಇದ್ದೀತು. ಹೊಲದ್ದೇ ಆಗಬೇಕೆಂದಿಲ್ಲ. ಕಡಿದುಬಿಡೋಣ ಅನ್ನಿಸುವ ದಿನ, ಒಂದು ವರ್ಷ ಕೇಳಿಕೊಳ್ಳಲು ಆಗುತ್ತದೆಯೇ ನೋಡಿ. ಬರೀ ಕಾಯಬೇಡಿ, ಅಗೆಯಿರಿ. ನಮ್ಮ ತೋಟದಲ್ಲಿ ಈಗ ಕಾಯಿ ಕಟ್ಟಿದೆ. ಇವತ್ತು ಮೋಡವಿದೆ, ಔಷಧಿ ಹೊಡೆಯಬೇಕು. ಅಣ್ಣ ಆಗಲೇ ಪಂಪಿಗೆ ನೀರು ತುಂಬುತ್ತಿದ್ದಾನೆ.